ಇಂಜಿನ್ನಿನ ಮೇಲಿನ ಬುತ್ತಿ

ಬಸ್ಸು ಬಂದು ನಿಂತರೆ ನೀವು ಮೊದಲು ಏನು ನೋಡುತ್ತೀರಿ? ಬೋರ್ಡು ನೋಡುತ್ತೀರಿ. ಸೀಟು ಖಾಲಿ ಇದೆಯೇ ಎಂದು ನೋಡುತ್ತೀರಿ. ನಮ್ಮ ಕೊಪ್ಪಳದ ಕಡೆಯವರಾಗಿದ್ದರೆ ನೋಡುವುದಕ್ಕೂ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿದಿರುತ್ತೀರಿ. ನಾನು ಮಾತ್ರ ಡ್ರೈವರನ ಮಗ್ಗುಲಲ್ಲಿರುವ ಇಂಜಿನ್ನಿನ ಮುಚ್ಚಳವನ್ನು ನೋಡುತ್ತೇನೆ, ಅಲ್ಲಿ ಬುತ್ತಿಗಳಿವೆಯೇ ಎಂದು. ಈಗ ಹೈದರಾಬಾದಿನಲ್ಲಿ ಓದುತ್ತಿದ್ದೇನೆ, ಇಲ್ಲಿ ಎಲೆಕ್ಟ್ರಿಕ್ ಬಸ್ಸುಗಳು ಬಂದಿವೆ. ಅವುಗಳಲ್ಲಿ ಇಂಜಿನ್ನೇ ಇಲ್ಲವೆಂದು ಗೊತ್ತಿದ್ದೂ ಕಣ್ಣು ಅಲ್ಲಿಗೇ ಹೋಗುತ್ತದೆ. ಡ್ರೈವರುಗಳು ಅನುಮಾನದಿಂದ ನೋಡುತ್ತಾರೆ. ಅವರ ತಪ್ಪೇನೂ ಇಲ್ಲ.

ಬುತ್ತಿಯ ಸಂಗತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮೂರು ಯಲಬುರ್ಗಾ ಕಡೆಯ ಮಂಗಳೂರು. ಸಮುದ್ರ ಇರುವ ಮಂಗಳೂರಲ್ಲ, ಎರೆಹೊಲ ಇರುವ ಮಂಗಳೂರು. ಹತ್ತನೇ ಇಯತ್ತೆ ಮುಗಿದವರು ಪಿಯುಸಿಗೆ ಕೊಪ್ಪಳಕ್ಕೆ ಹೋಗುತ್ತಾರೆ, ಅಲ್ಲಿ ಇಬ್ಬರು ಮೂವರು ಸೇರಿ ಒಂದು ರೂಮು ಮಾಡುತ್ತಾರೆ. ಅಡುಗೆ ಮಾತ್ರ ಊರಿನದೇ. ಅವ್ವಂದಿರು ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಪಲ್ಯ, ಚಟ್ನಿ, ಮೊಸರು ಡಬ್ಬಿಗೆ ಹಾಕಿ, ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ಮುಂಜಾನೆಯ ಬಸ್ಸಿಗೆ ಕೊಡುತ್ತಾರೆ. ಬಸ್ಸು ಕೊಪ್ಪಳ ಮುಟ್ಟುವ ಹೊತ್ತಿಗೆ ಮಕ್ಕಳು ನಿಲ್ದಾಣದಲ್ಲಿ ನಿಂತಿರುತ್ತಾರೆ. ತಮ್ಮ ತಮ್ಮ ಗಂಟು ಎತ್ತಿಕೊಂಡು, ನಿನ್ನೆಯ ಡಬ್ಬಿಯನ್ನು ಅದೇ ಇಂಜಿನ್ನಿನ ಮೇಲಿಟ್ಟು ಹೋಗುತ್ತಾರೆ. ನಾನು ಎರಡು ವರ್ಷ ಹೀಗೆ ಉಂಡವಳು. ಬ್ಯಾಸಿಗೆಯಲ್ಲಿ ಇಂಜಿನ್ನಿನ ಕಾವಿಗೆ ಮೊಸರು ಹುಳಿಯಾಗಿ ಉಕ್ಕುತ್ತಿತ್ತು. ಚಳಿಗಾಲದಲ್ಲಿ ಅದೇ ಕಾವಿಗೆ ರೊಟ್ಟಿ ಬೆಚ್ಚಗಿರುತ್ತಿತ್ತು. ಡೀಸೆಲ್ಲಿನ ವಾಸನೆ ಮಾತ್ರ ಬಾರಾ ತಿಂಗಳೂ ಇರುತ್ತಿತ್ತು. ಮೊದಲ ವಾರ ಮೂಗು ಮುರಿದೆ, ಆಮೇಲೆ ಊರಿಗೆ ಹೋದಾಗ ಬಿಸಿ ರೊಟ್ಟಿಯಲ್ಲಿ ಏನೋ ಕಡಿಮೆಯಾಗಿದೆ ಅನಿಸತೊಡಗಿತು.

ಬುತ್ತಿಗೆ ಹೆಸರು ಬರೆಯುವ ರೂಢಿ ನಮ್ಮೂರಲ್ಲಿಲ್ಲ. ಬಟ್ಟೆಯ ಬಣ್ಣ ನೋಡಬೇಕು, ಗಂಟಿನ ರೀತಿ ನೋಡಬೇಕು. ನಮ್ಮವ್ವನದು ಅಪ್ಪನ ಹಳೆಯ ಲುಂಗಿಯ ತುಂಡು, ಮೇಲೆ ಎರಡು ಕಿವಿ ನಿಂತಂಥ ಗಂಟು. ಒಂದೇ ಒಂದು ಸಲ ನಾನು ಮೋಸ ಹೋದೆ. ಅಳವಂಡಿಯ ಬಸ್ಸು ನಮ್ಮ ಬಸ್ಸಿನ ಪಕ್ಕಕ್ಕೆ ನಿಂತಿತ್ತು. ಪರೀಕ್ಷೆಯ ಅವಸರದಲ್ಲಿ ಅದಕ್ಕೆ ಹತ್ತಿ, ಅದೇ ತರಹದ ಲುಂಗಿಯ ಗಂಟನ್ನು ಎತ್ತಿಕೊಂಡು ಬಂದೆ. ಬಿಚ್ಚಿದರೆ ಸಜ್ಜಿ ರೊಟ್ಟಿ, ಹುಣಸಿಕಾಯಿ ತೊಕ್ಕು, ಬೆಣ್ಣೆ. ನಮ್ಮನೆಯಲ್ಲಿ ಸಜ್ಜಿ ರೊಟ್ಟಿ ಮಾಡುವುದು ಅಪರೂಪ. ಹಿಂದೆ ಮುಂದೆ ನೋಡದೆ ತಿಂದುಬಿಟ್ಟೆ. ನನ್ನದನ್ನು ಅಳವಂಡಿಯ ಹುಡುಗನೊಬ್ಬ ತಿಂದಿದ್ದ. ಮರುದಿನ ನಿಲ್ದಾಣದಲ್ಲಿ ಡಬ್ಬಿ ಬದಲಿಸಿಕೊಳ್ಳುವಾಗ ನಾನು ಮರ್ಯಾದೆಯಿಂದ, "ನಿಮ್ಮವ್ವಾರ ತೊಕ್ಕು ಭಾಳ ಛಲೋ ಇತ್ತು" ಅಂದೆ. ಅವನು, "ನಿಮ್ಮವ್ವಾರು ಉಪ್ಪು ಸ್ವಲ್ಪ ಕಡಿಮಿ ಹಾಕ್ಲಿ" ಅಂದ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇಷ್ಟೆಲ್ಲ ಉಂಡರೂ, ಈ ಬುತ್ತಿ ಎಂಬುದು ಹೇಗೆ ನಡೆಯುತ್ತದೆ, ಏಕೆ ನಡೆಯುತ್ತದೆ ಎಂದು ನಾನು ಒಂದು ದಿನವೂ ಕೇಳಲಿಲ್ಲ. ಇದು ಆಶ್ಚರ್ಯದ ಮಾತು. ಏಕೆಂದರೆ ಬೇರೆಲ್ಲವನ್ನೂ ನಾನು ಕೇಳಿ ಮುಗಿಸಿದ್ದೆ. ಹಲ್ಲಿ ಲೊಚಗುಟ್ಟಿದರೆ ನೆಲ ಯಾಕೆ ಬಡಿಯಬೇಕು, ಹೊರಗೆ ಹೊರಟವರನ್ನು 'ಎಲ್ಲಿಗೆ' ಎಂದು ಯಾಕೆ ಕೇಳಬಾರದು, ಸ್ವಾಮಿಗಳಿಗೂ ಬಿಕ್ಕಳಿಕೆ ಬರುತ್ತದೆಯೇ. ಅವ್ವ ರೊಟ್ಟಿ ಬಡಿಯುತ್ತಲೇ, "ಯಾಕ ಯಾಕ ಅಂದು ನನ್ನ ಜೀವಾ ತಿನಬ್ಯಾಡ, ಹೋಗಿ ನಿಮ್ಮಪ್ಪನ್ನ ಕೇಳು" ಎಂದು ಅಂಗಡಿಗೆ ಅಟ್ಟುತ್ತಿದ್ದಳು.

ಅಪ್ಪನದು ಬೀಜ ಗೊಬ್ಬರದ ಅಂಗಡಿ. ರೈತರು ಹುಳ ತಿಂದ ಎಲೆ ತಂದು ಔಷಧ ಕೇಳಿದರೆ ಅಪ್ಪ ಔಷಧ ಕೊಡುವುದನ್ನು ಬಿಟ್ಟು, ಗಲ್ಲೆಯೊಳಗಿನ ಭೂತಗನ್ನಡಿ ತೆಗೆದು ಎಲೆಯನ್ನೇ ನೋಡುತ್ತ ಕೂರುತ್ತಿದ್ದ. "ಇದು ತುದಿಯಿಂದ ಯಾಕ ತಿಂದೈತಿ? ನಡುವಿಂದ ಯಾಕ ತಿನ್ನಲಿಲ್ಲ?" ರೈತ ಚಡಪಡಿಸುತ್ತಿದ್ದ. ನನ್ನ ರೋಗ ಎಲ್ಲಿಂದ ಬಂತೆಂಬುದು ಊರಿಗೆಲ್ಲ ಗೊತ್ತಿತ್ತು, ಅಪ್ಪನೊಬ್ಬನನ್ನು ಬಿಟ್ಟು.

ಪಿಯುಸಿ ಮುಗಿಯುವ ಹೊತ್ತಿಗೆ ನಮ್ಮ ಉಪನ್ಯಾಸಕರೊಬ್ಬರು ಒಂದು ಪ್ರವೇಶ ಪರೀಕ್ಷೆ ಬರೆಸಿದರು. ಹೈದರಾಬಾದಿನ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಲಿಬರಲ್ ಆರ್ಟ್ಸ್ ಎಂಬ ಓದಿಗೆ ಸೀಟು ಸಿಕ್ಕಿತು. ಚರಿತ್ರೆ, ತತ್ವಶಾಸ್ತ್ರ, ಸಮಾಜಶಾಸ್ತ್ರ, ಸಾಹಿತ್ಯ, ಮನಸ್ಸು ಬಂದರೆ ನಡುವೆ ಒಂದಿಷ್ಟು ಖಗೋಳ. ಎಲ್ಲ ಓದಬಹುದು. ಇದನ್ನು ಅಂಗಡಿಯಲ್ಲಿ ವಿವರಿಸಿದೆ. ಅಲ್ಲಿ ದಿನವೂ ಪೇಪರು ಓದಲು ಬಂದು ಕೂರುವ ಶೇಖರಪ್ಪ ಕಾಕಾ ಪೇಪರು ಮಡಚಿದ.

"ಅಂದ್ರ ಕಿರಾಣಿ ಅಂಗಡಿ ಇದ್ದಂಗ. ಎಲ್ಲಾನೂ ಐತಿ, ಎಲ್ಲಾನೂ ಪಾವಕಿಲೋ."

"ಹಂಗಲ್ಲ ಕಾಕಾ..."

"ಇರಲಿ ಬಿಡವಾ. ಡಾಕ್ಟರಕಿ ಓದಿದವ್ರಿಗೆ ಡಾಕ್ಟರ್ ಅಂತಾರ, ವಕೀಲಕಿ ಓದಿದವ್ರಿಗೆ ವಕೀಲ್ರು ಅಂತಾರ. ಇದನ್ನ ಓದಿದವ್ರಿಗೆ ಏನಂತಾರ?"

ನನಗೆ ಗೊತ್ತಿರಲಿಲ್ಲ. ಉಪನ್ಯಾಸಕರಿಗೆ ಫೋನು ಮಾಡಿ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. "ಊರ ಉಸಾಬರಿ ಕಲಿಸೂ ಸಾಲಿ ಅನ್ನು" ಎಂದು ಕಾಕಾ ತೀರ್ಪು ಕೊಟ್ಟು ಮತ್ತೆ ಪೇಪರು ಬಿಚ್ಚಿದ.

ಮೂರನೆಯ ದಿನ ಅಪ್ಪ ಒಂದು ಕರಾರು ಹಾಕಿದ. "ಹೋಗು. ಎಳ್ಳಮಾಸಿ ಹೊತ್ತಿಗೆ ಸೂಟಿ ಕೊಡ್ತಾರಂತಲ್ಲ, ಆವಾಗ ಬಾ. ನೀ ಏನು ಕಲಿಯಾಕತ್ತೀದಿ ಅಂತ ನನಗ ತಿಳಿಯುವಂಗ ಹೇಳು. ತಿಳೀತಂದ್ರ ಹೊಳ್ಳಿ ಹೋಗು, ಎಷ್ಟ ಓದ್ತಿ ಓದು. ತಿಳೀಲಿಲ್ಲಂದ್ರ ಕೊಪ್ಪಳದಾಗ ಕಾಲೇಜ್ ಅದಾವ, ಅಲ್ಲಿ ಸೇರಕೋ." ನ್ಯಾಯವಾಗಿಯೇ ಇತ್ತು. ನಾನು ಹೂಂ ಅಂದೆ. ಹದಿನೆಂಟು ವರ್ಷದವಳಿಗೆ ಹೂಂ ಅನ್ನುವುದು ಬಹಳ ಸುಲಭ.

ಹೈದರಾಬಾದು ನಾನು ಹೆದರಿದಷ್ಟು ಪರದೇಶವಾಗಿರಲಿಲ್ಲ. ಕ್ಯಾಂಪಸ್ಸಿನ ತುಂಬ ಕೊಪ್ಪಳದ ಗುಡ್ಡದಂಥವೇ ಗುಂಡುಗಲ್ಲುಗಳು. ಅಂಗಡಿಯವರ ಬಾಯಲ್ಲಿ ಜಲ್ದಿ, ಫುರಸತ್ತು, ದವಾಖಾನೆ, ಎಲ್ಲ ನಮ್ಮಜ್ಜನ ಮಾತುಗಳೇ. ನಮ್ಮ ಸೀಮೆ ನಿಜಾಮನದಾಗಿದ್ದಾಗ ಇಲ್ಲಿಂದ ಹೊರಟ ಶಬ್ದಗಳು ನಮ್ಮೂರಲ್ಲಿ ಉಳಿದುಬಿಟ್ಟಿದ್ದವು, ಈಗ ನನ್ನ ಜೊತೆ ತವರಿಗೆ ಬಂದಿದ್ದವು. ಆದರೆ ವಿಶ್ವವಿದ್ಯಾಲಯ ಮಾತ್ರ ದೊಡ್ಡದು ಅಂದರೆ ದೊಡ್ಡದು. ಹಾಸ್ಟೆಲ್ಲಿನಿಂದ ಕ್ಲಾಸಿಗೆ ಬಸ್ಸಿನಲ್ಲಿ ಹೋಗಬೇಕು. ಮೊದಲ ವಾರ ತತ್ವಶಾಸ್ತ್ರವೆಂದುಕೊಂಡು ಯಾವುದೋ ರಸಾಯನಶಾಸ್ತ್ರದ ಕ್ಲಾಸಿನಲ್ಲಿ ಒಂದು ತಾಸು ಕುಳಿತು, ತತ್ವ ಬಹಳ ಕಠಿಣವಿದೆ ಎಂದು ಬರೆದುಕೊಂಡು ಬಂದಿದ್ದೇನೆ.

ಆದರೂ ಖುಷಿಯಾಗಿದ್ದೆ. ಸಮಾಜಶಾಸ್ತ್ರದ ಮೇಡಂ ಬಂಗಾಳದ ಕಡೆಯವರು. ಒಂದು ದಿನ ಬರೀ ಚೊಂಬೊಂದನ್ನು ಮೇಜಿನ ಮೇಲಿಟ್ಟು, ಇದನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು, ಯಾರು ಹೇಳಿದರು ಎಂದು ಕೇಳುತ್ತ ಇಡೀ ತಾಸು ಕಳೆದರು. ನಾನು ಕೈ ಎತ್ತಿ ಎತ್ತಿ ಕೇಳಿದೆ. ಸುಮ್ಮನಿರು ಅಂತ ಯಾರೂ ಅನ್ನಲಿಲ್ಲ. ಇಂಥ ಜಾಗ ಭೂಮಿಯ ಮೇಲೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಎಷ್ಟು ದಿನ ಉಳಿಯಿತೆಂದು ಮಾತ್ರ ದಿನವೂ ಎಣಿಸುತ್ತಿದ್ದೆ.

ಹೀಗಿರುವಾಗ ಒಂದು ಮುಂಜಾನೆ ಅವ್ವನ ಫೋನು ಬಂತು.

"ಬುತ್ತಿ ಕೊಟ್ಟೀನಿ ನೋಡು. ಹೋಗಿ ಇಸ್ಕೋ."

"ಎಲ್ಲಿಗೆ ಹೋಗಲಿ? ಯಾವ ಬುತ್ತಿ?"

"ಬಸ್ ಸ್ಟ್ಯಾಂಡಿಗೆ. ನಿನ್ನೆ ಸಂಜಿಕೆ ಕೊಪ್ಪಳಕ್ಕ ಹೋಗಿ ಹೈದ್ರಾಬಾದ್ ಬಸ್ಸಿಗೆ ಕೊಟ್ಟ ಬಂದೆ. ಈಗ ಹೆಣ್ಮಕ್ಕಳಿಗೆ ಟಿಕೆಟ್ ಎಲ್ಲೈತಿ? ಆಧಾರ್ ತೋರ್ಸಿದೆ, ಹೋದೆ, ಬಂದೆ."

"ಕಂಡಕ್ಟರಗ ನನ್ನ ನಂಬರ್ ಕೊಟ್ಟೀಯೇನ?"

"ನಂಬರ್ ಯಾಕ? ನನ್ನ ಮಗಳು ಯುನಿವರ್ಸಿಟ್ಯಾಗ ಓದ್ತಾಳ, ಬರ್ತಾಳ, ಕೊಡಪಾ ತಮ್ಮಾ ಅಂದೆ."

"ಅವ ಏನಂದ?"

"ಇಂಜಿನ್ ಮ್ಯಾಲೆ ಇಡಬೇ ಯಕ್ಕಾ ಅಂದ."

ನಾನು ಹಣೆ ಹಣೆ ಬಡಿದುಕೊಂಡೆ. ಒಂದು ಮಹಾನಗರ, ಅದರಲ್ಲಿ ಎಷ್ಟೋ ವಿಶ್ವವಿದ್ಯಾಲಯ, ಅವುಗಳಲ್ಲಿ ಸಾವಿರ ಸಾವಿರ ಹುಡುಗಿಯರು. 'ಬರ್ತಾಳ, ಕೊಡಪಾ.' ಹೇಳಿದವಳಿಗೂ ಅನುಮಾನ ಬರಲಿಲ್ಲ, ಕೇಳಿದವನಿಗೂ ಬರಲಿಲ್ಲ. ಎರಡು ಸಿಟಿ ಬಸ್ಸು ಬದಲಿಸಿ, ಜನರ ಮೈಮೇಲೆ ಬಿದ್ದು ಎದ್ದು, ದೊಡ್ಡ ನಿಲ್ದಾಣ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಕರ್ನಾಟಕದ ಬಸ್ಸುಗಳ ಸಾಲು ಹುಡುಕಿ, ಕೊಪ್ಪಳದ ಬೋರ್ಡು ಕಂಡು, ಒಳಗೆ ಇಣುಕಿದೆ. ಇಂಜಿನ್ನಿನ ಮೇಲೆ ಏನೂ ಇರಲಿಲ್ಲ.

"ಇಲ್ಲೈತಿ ಬಾ ತಂಗಿ" ಎಂದು ಹಿಂದಿನಿಂದ ದನಿ ಬಂತು. ಕಂಡಕ್ಟರ್ ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ಕುಳಿತಿದ್ದ. ಇಡೀ ದಾರಿ ನಿದ್ದೆಗೆಟ್ಟು ಬಂದವನು, ಮಲಗುವ ಹೊತ್ತಿನಲ್ಲಿ, ಲುಂಗಿಯ ಗಂಟನ್ನು ತೊಡೆಯ ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದ.

"ಎಷ್ಟೊತ್ತವಾ? ಕೊಪ್ಪಳದಾಗಿದ್ರ ಇಷ್ಟೊತ್ತಿಗೆ ಉಂಡು ಡಬ್ಬಿ ಹೊಳ್ಳಿ ಕೊಡ್ತಿದ್ದಿ."

"ನಾನ ಅಂತ ಹೆಂಗ ಗೊತ್ತಾತ್ರೀ?"

"ಮಂದಿ ಬಂದು ಬೋರ್ಡ್ ನೋಡ್ತಾರ, ಸೀಟ್ ನೋಡ್ತಾರ. ನೀ ಬಂದಾಕಿನ ಇಂಜಿನ್ ನೋಡಿದ್ಯಲ್ಲ" ಅಂದ. ಚಾ ಕುಡೀರಿ ಅಣ್ಣಾರ ಅಂದರೆ, "ಚಾ ಆಗೈತಿ. ಹೋಗು, ಸಾಲಿಗೆ ಹೊತ್ತಾಗ್ತೈತಿ" ಎಂದು ಎದ್ದು ಹೋದ.

ಕ್ಲಾಸಿಗೆ ಹೊತ್ತಾಗಿಯೇ ಹೋದೆ. ಕೈಯಲ್ಲಿ ಗಂಟು, ಗಂಟಿನಿಂದ ಗುರೆಳ್ಳು ಚಟ್ನಿ ಮತ್ತು ಡೀಸೆಲ್ಲಿನ ಜೋಡಿ ವಾಸನೆ. ಮೇಡಂ ಏಕೆ ತಡ ಎಂದು ಕೇಳಿದರು. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. ಮೇಜಿನ ಮೇಲೆ ಹತ್ತಿ ಕುಳಿತು ಒಂದೊಂದಾಗಿ ಕೇಳಿದರು. ಆ ಕಂಡಕ್ಟರಿಗೆ ಏನು ಸಿಗುತ್ತದೆ? ಏನೂ ಇಲ್ಲ. ಒಯ್ಯಬೇಕೆಂದು ನಿಯಮವಿದೆಯೇ? ಇಲ್ಲ. ಬೇರೆಯವರು ಎತ್ತಿಕೊಂಡು ಹೋದರೆ? ಹೋಗುವುದಿಲ್ಲ, ಅಳವಂಡಿಯದು ಬಿಟ್ಟರೆ. ಕಂಡಕ್ಟರ್ ಬದಲಾದರೆ? ಹೊಸಬನೂ ಒಯ್ಯುತ್ತಾನೆ. ಅವನಿಗೆ ಯಾರು ಹೇಳುತ್ತಾರೆ? ಯಾರೂ ಹೇಳುವುದಿಲ್ಲ. ಹಾಗಾದರೆ ಏಕೆ ಒಯ್ಯುತ್ತಾನೆ?

ಸ್ವಾಮಿಗಳ ಬಿಕ್ಕಳಿಕೆಯನ್ನೂ ಬಿಡದ ನಾನು, ಎರಡು ವರ್ಷ ದಿನವೂ ಕೈಯಲ್ಲಿ ಹಿಡಿದ ಗಂಟಿನ ಬಗ್ಗೆ ಕೇಳಿರಲಿಲ್ಲ. "ರಜೆಯಲ್ಲಿ ತಿಳಿದುಕೊಂಡು ಬಾ" ಅಂದರು ಮೇಡಂ. ಆಮೇಲೆ ಬುತ್ತಿ ಅಲ್ಲೇ ಬಿಚ್ಚಿದೆವು. ಚಟ್ನಿಯ ಖಾರಕ್ಕೆ ಅರ್ಧ ಕ್ಲಾಸು ಕಣ್ಣೀರು ಹಾಕಿತು. ಮರಳಿ ಬರುತ್ತೇನೋ ಇಲ್ಲವೋ ಎಂಬ ಕರಾರಿನ ಸುದ್ದಿಯನ್ನು ನಾನು ಮೇಡಮ್ಮಿಗೆ ಹೇಳಲಿಲ್ಲ.

ಎಳ್ಳಮಾಸಿಗೆ ಊರಿಗೆ ಬಂದಾಗ ಹೊಲದಲ್ಲಿ ಕಡಲೆ ಕಾಯಿ ಕಟ್ಟಿತ್ತು. ಮಂದಿ ಹಸಿ ಕಡಲೆಗಿಡ ಕಿತ್ತು ತಿನ್ನುತ್ತ ಅಂಗಡಿಯ ಮುಂದೆ ಸಿಪ್ಪೆ ಉಗುಳುತ್ತಿದ್ದರು. ಹಬ್ಬ ಮುಗಿದ ಸಂಜೆ ಅಪ್ಪ ಗೊಬ್ಬರದ ಚೀಲದ ಮೇಲೆ ಕುಳಿತು, "ಹೂಂ, ಹೇಳವಾ ಈಗ" ಅಂದ. ಶೇಖರಪ್ಪ ಕಾಕಾ ಪೇಪರು ಮಡಚಿ ತೊಡೆಯ ಮೇಲಿಟ್ಟುಕೊಂಡ.

ತತ್ವಶಾಸ್ತ್ರದಿಂದ ಶುರು ಮಾಡಿದೆ. "ಅಪ್ಪಾ, ಈ ಕುರ್ಚಿ ಕುರ್ಚಿನ ಅಂತ ನಮಗ ಹೆಂಗ ಗೊತ್ತು?"

"ಕುಂತ್ರ ಗೊತ್ತಾಗ್ತೈತಿ" ಅಂದ ಅಪ್ಪ.

ಚರಿತ್ರೆಗೆ ಬಂದೆ. ರಾಜರದಷ್ಟೇ ಅಲ್ಲ, ರೊಟ್ಟಿ ಬಡಿಯುವವರ ಚರಿತ್ರೆಯೂ ಇದೆ ಅಂದೆ. "ರೊಟ್ಟಿ ಆರಿ ಹೊಂಟಾವ, ನಿನ್ನ ಚರಿತ್ರಿ ಜಲ್ದಿ ಮುಗಸು" ಎಂದು ಒಳಗಿನಿಂದ ಅವ್ವ ಕೂಗಿದಳು. ಖಗೋಳ ಹೇಳಿದೆ, ಕಾಕಾ ಪಂಚಾಂಗ ಅಂದ. ಅಪ್ಪನ ಮುಖ ನನಗೆ ಗೊತ್ತು. ಹುಳದ ಎಲೆ ನೋಡುವಾಗಿನ ಮುಖ ಅದಲ್ಲ. ಬಿಲ್ಲು ಬರೆಯುವಾಗಿನ ಮುಖ. ನಾನು ಸೋಲುತ್ತಿದ್ದೆ. ಸೋಲುವವರಿಗೆ ಬರುವ ಸಿಟ್ಟು ಬಂತು.

"ಹೋಗಲಿ, ನೀನ ಹೇಳು. ನಮ್ಮ ಬಸ್ಸಿನ ಕಂಡಕ್ಟರ್ ವೀರಣ್ಣ ಎರಡ ವರ್ಷ ನನ್ನ ಬುತ್ತಿ ಒಯ್ದ. ಯಾಕ ಒಯ್ದ?"

"ಕೊಟ್ವಿ, ಒಯ್ದ."

"ರೊಕ್ಕಾ ಕೊಟ್ಟೀಯೇನ?"

"ಬುತ್ತಿಗೆ ರೊಕ್ಕಾ ಕೊಡ್ತಾರೇನ, ಹುಚ್ಚಿ?"

"ಯಾಕ ಕೊಡಬಾರದು? ಬೀಜದ ಚೀಲಾ ಹಾಕಿದ್ರ ಲಗೇಜಿನ ರೊಕ್ಕಾ ಕೊಡ್ತಿ. ಚೀಲಾನೂ ಗಂಟ, ಬುತ್ತೀನೂ ಗಂಟ."

ಅಪ್ಪನ ಕೈಯಲ್ಲಿದ್ದ ಹಸಿ ಕಡಲೆ ಬಾಯಿಗೆ ಹೋಗದೆ ನಿಂತಿತು. "ಹೌದಲ್ಲೋ ಶೇಖರಪ್ಪಾ" ಅಂದ.

ಅಲ್ಲಿಗೆ ನನ್ನ ಪರೀಕ್ಷೆ ಮೂಲೆ ಸೇರಿತು. ಕಾಕಾ ಪುಣ್ಯಕ್ಕಾಗಿ ಅಂದ. ಹಾಗಾದರೆ ಚೀಲ ಒಯ್ದರೂ ಪುಣ್ಯ ಬರಬೇಕಲ್ಲ ಎಂದು ಅಪ್ಪ ಅಡ್ಡ ಹಾಕಿದ. ಮರುದಿನ ಊರ ಅಗಸಿಬಾಗಿಲ ಕಟ್ಟೆಯ ಮೇಲೆ ಇದೇ ಚರ್ಚೆ. ಒಬ್ಬರು, ವೀರಣ್ಣನ ಮಗನೂ ಧಾರವಾಡದಲ್ಲಿ ರೂಮು ಮಾಡಿದ್ದಾನೆ, ಅದಕ್ಕೆ ಅಂದರು. ವೀರಣ್ಣ ಮದುವೆಯಾಗುವ ಮೊದಲೂ ಒಯ್ಯುತ್ತಿದ್ದನಲ್ಲ ಎಂದು ಇನ್ನೊಬ್ಬರು. ಒಯ್ಯದಿದ್ದರೆ ಊರ ಹೆಂಗಸರು ಬಿಡುತ್ತಾರೆಯೇ, ಅಂಜಿಕೆಗೆ ಒಯ್ಯುತ್ತಾನೆ ಎಂದು ಮತ್ತೊಬ್ಬರು. ಅಪ್ಪ ಯಾವುದಕ್ಕೂ ಒಪ್ಪಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಕೊಡುವ ಬೀಜದ ಚೀಲ ಕೈಯಲ್ಲಿ ಹಿಡಿದೇ ಯೋಚನೆಗೆ ಬೀಳುತ್ತಿದ್ದ. ಕೊನೆಗೆ ಹಾಳಾಗಿ ಹೋಗಲಿ, ಅವನನ್ನೇ ಕೇಳುತ್ತೇನೆಂದು ಮುಂಜಾನೆಯ ಬಸ್ಸಿಗೆ ಹೋಗಿ ನಿಂತ. ನಾನೂ ಹಿಂದೆ ಓಡಿದೆ.

ಬಸ್ಸಿನ ತುಂಬ ಮಂದಿ. ಅಪ್ಪ ಬಾಗಿಲಲ್ಲೇ ನಿಂತು ಗಟ್ಟಿಯಾಗಿ ಕೇಳಿದ. "ವೀರಣ್ಣಾ, ಇಷ್ಟ ವರ್ಷ ಬುತ್ತಿ ಒಯ್ದಿ. ಲಗೇಜ್ ಟಿಕೆಟ್ ಯಾಕ ಹರೀಲಿಲ್ಲ?"

ವೀರಣ್ಣನ ಮುಖದ ರಕ್ತ ಇಳಿಯಿತು. "ನನ್ನ ಮ್ಯಾಲೆ ಯಾರಾರ ಅರ್ಜಿ ಕೊಟ್ಟಾರೇನ್ರೀ?"

"ಏ ಇಲ್ಲಪಾ ಮಾರಾಯಾ" ಎಂದು ಅಪ್ಪ ನಕ್ಕು ಸಮಾಧಾನ ಮಾಡಿದ. "ನಮ್ಮ ಹುಡುಗಿ ಕೇಳಾಕತ್ತ್ಯಾಳ. ಹೈದ್ರಾಬಾದ್ ಯುನಿವರ್ಸಿಟಿಯವ್ರು ಬರಕೊಂಡ ಬಾ ಅಂದಾರಂತ."

ಇದಕ್ಕಿಂತ ಕೆಟ್ಟ ಸಮಾಧಾನ ಇನ್ನೊಂದಿರಲಿಕ್ಕಿಲ್ಲ. ನಮ್ಮ ಕಡೆ ಬರೆದುಕೊಳ್ಳುವವರು ಎಂದರೆ ಸರ್ಕಾರದವರು, ಸರ್ಕಾರದವರು ಬರೆದುಕೊಂಡರು ಎಂದರೆ ಯಾರದೋ ನೌಕರಿಗೆ ಕುತ್ತು. ವೀರಣ್ಣ ಸೀಟಿ ಊದಿದ. ಮರುದಿನ ಬುತ್ತಿ ತಂದ ಹೆಂಗಸರಿಗೆ, "ಇನ್ನ ಮ್ಯಾಲೆ ಬುತ್ತಿ ಇಡಂಗಿಲ್ರಿ. ನನಗೂ ಹೆಂಡ್ರು ಮಕ್ಕಳು ಅದಾರ" ಎಂದು ಹೇಳಿ, ಖಾಲಿ ಇಂಜಿನ್ನಿನೊಂದಿಗೆ ಹೊರಟೇಹೋದ.

ಗಂಟು ಹಿಡಿದ ಹೆಂಗಸರು ಬಸ್ ಸ್ಟಾಪಿನಿಂದ ಸೀದಾ ನಮ್ಮ ಅಂಗಡಿಗೆ ಬಂದರು.

"ಏನ್ರೀ ಸಾವ್ಕಾರ್ರ, ನಿಮ್ಮ ಮಗಳ ಓದಿನ ಸಲುವಾಗಿ ನಮ್ಮ ಮಕ್ಕಳು ಉಪಾಸ ಸಾಯಬೇಕೇನು?"

"ನಡ್ಯೂದನ್ನ ಯಾಕ ನಡೀತೈತಿ ಅಂತ ಕೇಳೂದು ಎಂಥಾ ವಿದ್ಯೆ ಬೇ?"

"ಓದಿ ಓದಿ ಮರುಳಾದ ಕೂಚಂಭಟ್ಟ ಅಂತಾರಲ್ಲ, ಇದ ನೋಡು!"

ನನಗೆ ನೆಲ ಬಾಯಿ ತೆರೆಯಬಾರದೇ ಅನಿಸಿತು. ಅಪ್ಪ ಎರಡು ಹೊಸ ಚೀಲ ಕೊಡವಿ, ಎಲ್ಲರ ಬುತ್ತಿಗಳನ್ನು ಅವುಗಳಲ್ಲಿ ಜೋಡಿಸಿ, ಮೋಟರ್ ಸೈಕಲ್ಲಿನ ಎರಡೂ ಕಡೆ ಕಟ್ಟಿಕೊಂಡು ಕೊಪ್ಪಳಕ್ಕೆ ಹೊರಟುಬಿಟ್ಟ. "ಛಲೋ ವಿದ್ಯೆ ಕಲ್ತ ಬಂದಿ ತಾಯೀ" ಎಂದು ಅವ್ವ ಕೈ ಮುಗಿದು ಒಳಗೆ ಹೋದಳು.

ನಾನು ಗೋದಾಮಿಗೆ ಹೋಗಿ ಚೀಲಗಳ ನಡುವೆ ಕುಳಿತು ಗೊಳೋ ಎಂದು ಅತ್ತೆ. ಮುಗಿಯಿತು ಅನಿಸಿತ್ತು. ಓದಿಗೆ ವಿವರಣೆ ಕೊಡಲಾಗಲಿಲ್ಲ, ಅದು ಒಂದು. ಅದರ ಮೇಲೆ ಓದಿನಿಂದ ಊರಿನ ಮಕ್ಕಳ ಊಟ ತಪ್ಪಿಸಿದೆ. ಇನ್ನು ಅಪ್ಪ ಯಾವ ಬಾಯಿಂದ ಹೋಗು ಅನ್ನಬೇಕು? ಚೊಂಬಿನ ಕ್ಲಾಸು ನೆನಪಾಯಿತು, ಕೈ ಎತ್ತಿದರೆ ಮೇಡಂ ನನ್ನ ಕಡೆ ತಿರುಗುತ್ತಿದ್ದ ರೀತಿ ನೆನಪಾಯಿತು. ನನಗೆ ಅದು ಬೇಕಿತ್ತು. ಬಹಳ ಬೇಕಿತ್ತು. ಎಷ್ಟು ಬೇಕಿತ್ತೆಂಬುದು ಆ ಗೊಬ್ಬರದ ಘಾಟಿನಲ್ಲಿ ಕುಳಿತಾಗಲೇ ನನಗೆ ಗೊತ್ತಾದದ್ದು.

ಅಪ್ಪ ಬಂದಾಗ ದೀಪ ಹಚ್ಚುವ ಹೊತ್ತು. ಕೈಕಾಲು ತೊಳೆದು ಊಟಕ್ಕೆ ಕುಳಿತ. ನಾನು ಎದುರಿಗೆ ಕುಳಿತೆ, ತಲೆ ಎತ್ತಲಿಲ್ಲ. ಅವ್ವ ಬಡಿಸುತ್ತ, "ಹುಡುಗ್ರು ಉಂಡ್ವೇನ್ರೀ?" ಅಂದಳು.

"ಉಂಡ್ರು. ಸ್ಟ್ಯಾಂಡಿನ್ಯಾಗ ಚೀಲಾ ಬಿಚ್ಚಿಟ್ಟ ಕುಂತೆ. ಒಬ್ಬೊಬ್ರ ಬಂದ್ರು, ತಮ್ಮ ತಮ್ಮದು ತಗೊಂಡ್ರು. ಯಾರು ನೀವು ಅಂತ ಒಬ್ರೂ ಕೇಳಲಿಲ್ಲ. ಒಂದ ಹುಡುಗಿ ಮಾತ್ರ, ಕಾಕಾ, ನಿಮ್ದು ಊಟಾ ಆತೇನ್ರಿ ಅಂತು. ಇಲ್ಲವಾ ಅಂದೆ. ಬುತ್ತಿ ಅಲ್ಲೇ ಬಿಚ್ಚಿ ಅರ್ಧಾ ರೊಟ್ಟಿ ಕೊಡ್ತು."

ಅಪ್ಪ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಆಮೇಲೆ ತಾನೇ ಮುಂದುವರಿಸಿದ. "ವೀರಣ್ಣ ದೂರ ನಿಂತ ನೋಡಾಕತ್ತಿದ್ದ. ಚಾ ಕುಡಿಸಿದೆ. ತಪ್ಪಾತಪಾ, ಯಾರೂ ಏನೂ ಬರಕೊಂಡಿಲ್ಲ ಅಂದೆ. ನಾಳಿಂದ ಒಯ್ತೀನಿ ಬಿಡ್ರಿ ಅಂದ."

ಅವ್ವ ನಿಟ್ಟುಸಿರು ಬಿಟ್ಟಳು. ನಾನೂ ಬಿಟ್ಟೆ.

"ಹಂಗಾರ ಯಾಕ ಒಯ್ತಿ, ಅದನ್ನರ ಹೇಳು ಅಂದೆ."

"ಅಯ್ಯ ನಿಮ್ಮ! ಮತ್ತ ಕೇಳಿದ್ರ್ಯಾ?" ಅವ್ವನ ಸೌಟು ಸಾರಿನಲ್ಲಿ ಬಿತ್ತು.

"ಕೇಳಿದೆ. ಕಪ್ ಖಾಲಿ ಆಗೂ ಮಟಾ ವಿಚಾರ ಮಾಡಿದ. ಇವತ್ತ ದಾರಿಗುಂಟ ಖಾಲಿ ಇಂಜಿನ್ ನೋಡಕೋಂತ ಬಂದೆ, ಭಾಳ ಬ್ಯಾಸರ ಆತ್ರಿ, ಅಷ್ಟ ನನಗ ಗೊತ್ತಿರೂದು ಅಂದ." ಅಪ್ಪ ರೊಟ್ಟಿ ಮುರಿದ ಕೈಯನ್ನು ಹಾಗೇ ಹಿಡಿದು ಗೋಡೆ ನೋಡಿದ. "ರೊಕ್ಕಾ ಬರಂಗಿಲ್ಲ, ಹೆಸರ ಬರಂಗಿಲ್ಲ. ಒಯ್ಯಲಿಲ್ಲಂದ್ರ ಅವಗ ಯಾಕ ಬ್ಯಾಸರ ಆಗಬೇಕು? ದಾರಿಗುಂಟ ಅದನ್ನ ವಿಚಾರ ಮಾಡಕೋಂತ ಬಂದೆ. ಯಲಬುರ್ಗಾ ರೋಡಿಗೆ ಹೊಳ್ಳೂದು ಬಿಟ್ಟು ಮುಂದ ಹೋಗಿದ್ದೆ. ಇಲ್ಲವಾ, ನನಗ ತಿಳೀಲಿಲ್ಲ."

ತಿಳೀಲಿಲ್ಲ. ಆ ಮಾತಿಗಾಗಿಯೇ ನಾನು ಹೆದರಿಕೊಂಡು ಬಂದಿದ್ದೆ. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟೆ.

"ಕರಾರ ನೆನಪೈತಲ್ಲ?" ಅಂದ ಅಪ್ಪ.

"ಐತಿ."

"ಏನಂದಿದ್ದೆ?"

"ತಿಳೀಲಿಲ್ಲಂದ್ರ ಕೊಪ್ಪಳ ಅಂದಿದ್ದಿ." ನನ್ನ ದನಿ ನನಗೇ ಕೇಳಲಿಲ್ಲ.

"ಹೂಂ. ಕೊಪ್ಪಳಕ್ಕ ಇವತ್ತ ನಾನ ಹೋಗಿ ಬಂದೀನಿ" ಅಂದ ಅಪ್ಪ. "ಅಲ್ಲಿ ಯಾರಿಗೂ ಗೊತ್ತಿಲ್ಲ. ನೀ ಹೈದ್ರಾಬಾದಿಗೇ ಹೋಗು."